ಅಂಕಿತಾ ಕೇಳಿದ ಹಾಡು

ಬೆಟಗೇರಿ

ಫಕೀರೇಶ ಅವರಿಗೆ ಕಸ್ತೂರಿಯ ನಮಸ್ಕಾರ.

ನನ್ನ ಫೋನನ್ನು ಅಪ್ಪ ಇಟ್ಟುಕೊಂಡಿದ್ದಾರೆ, ಅದಕ್ಕೇ ಈ ಪತ್ರ. ಹೆಣ್ಣು ನೋಡಲು ಬಂದ ದಿನ ನಿಮ್ಮ ತಂಗಿ ಅಂಕಿತಾ ನನ್ನ ಇಯರ್‌ಫೋನ್ ಹಾಕಿಕೊಂಡು, "ಯವ್ವಾ, ಇಕಿ ಯೇಸು ಸ್ವಾಮಿ ಹಾಡ ಕೇಳ್ತಾಳ. ಆ ಮಂದಿಯೊಳಗ ಕೂಡ್ಯಾಳೇನು?" ಎಂದಳಲ್ಲ, ಆ ಹಾಡುಗಳು ನನ್ನವೇ. ಪಕ್ಕದ ಮನೆ ಹುಡುಗಿಯವು ಎಂದು ಅಪ್ಪ ಹೇಳಿದ್ದು ಸುಳ್ಳು.

ನಾನು ಚರ್ಚಿಗೆ ಹೋಗುವವಳಲ್ಲ. ಅದು ಅಮೆರಿಕದ ಬಡ ಓಣಿಯ ಹುಡುಗನೊಬ್ಬನ ರ‍್ಯಾಪ್. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅರ್ಧ ತಿಳಿಯುತ್ತದೆ. ಆ ಹುಡುಗ, "ನಮ್ಮಣ್ಣನಿಗೆ ಗುಂಡು ಹೊಡೆದಾಗ ನೀನು ಎಲ್ಲಿದ್ದೆ" ಎಂದು ಯೇಸುವಿನ ಜೊತೆ ಜಗಳಕ್ಕೆ ನಿಲ್ಲುತ್ತಾನೆ, ಆಮೇಲೆ ನೀನೇ ಕೈ ಹಿಡಿ ಎಂದು ಅವನನ್ನೇ ಬೇಡುತ್ತಾನೆ. ನಮ್ಮ ಅಜ್ಜಿಯೂ ಹನಮಪ್ಪ ದೇವರಿಗೆ ಬೈದುಕೊಂಡೇ ದೀಪ ಹಚ್ಚುತ್ತಿದ್ದಳು. ಪವರ್‌ಲೂಮಿನ ಸದ್ದಿನಲ್ಲಿ ದಿನವಿಡೀ ನಿಂತು ಕೆಲಸ ಮಾಡುವಾಗ ನನಗೆ ಆ ದನಿ ಬೇಕು.

ಸೋಮವಾರ ನಿಶ್ಚಯಕ್ಕೆ ಬರುವುದಾದರೆ ಇದನ್ನು ನಿಮ್ಮ ಅವ್ವನಿಗೆ ತಿಳಿಸಿಯೇ ಬನ್ನಿ. ಬೇಡವಾದರೆ ಅಪ್ಪನಿಗೆ ನೀವೇ ಫೋನ್ ಮಾಡಿ, ಬೇರೆಯವರಿಂದ ಹೇಳಿಸಬೇಡಿ. ನನಗೇನೂ ಬೇಜಾರಿಲ್ಲ ಎಂದು ಬರೆಯಲು ಗೆಳತಿ ಹೇಳಿದಳು. ಬೇಜಾರಾಗುತ್ತದೆ, ನೀವು ನನಗೆ ಹಿಡಿಸಿದ್ದೀರಿ. ಹಾಡು ಮಾತ್ರ ಬಿಡುವುದಿಲ್ಲ.

ಇಂತಿ,
ಕಸ್ತೂರಿ