ನರ್ಸಮ್ಮನ ಮುಂದೆ ಹೇಳದ ಲೆಕ್ಕ

ವಿಜಯಪುರ, ಆಸ್ಪತ್ರೆಯ ಹೊರಗಿನ ಬೆಂಚು

ಚಿರಂಜೀವಿ ಸುಧಾರಾಣಿಗೆ ಮಾಮಾನ ಆಶೀರ್ವಾದ.

ಟಿಕೋಟಾದಿಂದ ಬಬಲೇಶ್ವರದವರೆಗೆ ಡಾಕ್ಟರುಗಳೆಲ್ಲ ನನ್ನನ್ನು ಕೇಳಿಯೇ ಔಷಧ ಬರೆಯುತ್ತಾರೆ. ಇಂಥವನನ್ನು ನಿಮ್ಮ ಐಸಿಯು ಕಾವಲುಗಾರ ಒಳಗೆ ಬಿಡಲೊಲ್ಲ. ನೀನು ಒಳಗೆ ನರ್ಸ್ ಇದ್ದೀ ಎಂದು ಅವನ ಕೈಯಲ್ಲೇ ಈ ಚೀಟಿ ಕಳಿಸುತ್ತಿದ್ದೇನೆ.

ಒಳಗೆ ಮಲಗಿರುವ ನನ್ನ ಹೆಂಡತಿ, ನಿನ್ನ ಅತ್ತೆಯ ಕಣ್ಣುಗಳು ಇನ್ನೂ ಅರಿಶಿನದ ಹಾಗೇ ಇವೆಯೇ?

ಬೆಳಿಗ್ಗೆ ನೀನು ಕೇಳಿದೆ, "ಮಾಮಾ, ಜ್ವರದ ಗುಳಿಗಿ ಹೆಚ್ಚಾದ್ರ ಅದನ್ನ ಒಡಿಯೂಮುಂದ ಲಿವರಿನಾಗ ವಿಷ ಹುಟ್ಟಿ ಲಿವರನ್ನ ಸುಡತೈತಿ. ಎಷ್ಟು ನುಂಗ್ಯಾಳ ಖರೇ ಹೇಳ್ರಿ, ಅದರ ಮ್ಯಾಲ ಡಾಕ್ಟರ್ ಅಪಾಯ ಅಳೀತಾರ." ಎಲ್ಲರ ಮುಂದೆ ನಾನು ದಿನಕ್ಕೆ ಎರಡು ಅಂದುಬಿಟ್ಟೆ.

ತೋಟದ ದ್ರಾಕ್ಷಿಗೆ ಬೂದಿರೋಗ ಬಂದರೆ ಔಷಧದ ಡಬ್ಬಿಯ ಮೇಲೆ ಬರೆದದ್ದರ ದುಪ್ಪಟ್ಟು ಹೊಡೆಯುವವ ನಾನು. ಜ್ವರಕ್ಕೂ ಹಾಗೇ ಮಾಡಿದೆ. ಮೂರು ಅಂಗಡಿಗಳಿಂದ ಮೂರು ಹೆಸರಿನ ಗುಳಿಗೆ ತಂದೆ. ಮೂರೂ ಒಂದೇ ಔಷಧವಂತೆ, ಈಗ ತಿಳಿಯಿತು. "ಸಾಕ್ರಿ, ಹೊಟ್ಟಿ ತೊಳಸಾಕತ್ತೈತಿ" ಎಂದು ಅವಳು ಬೇಡಿಕೊಂಡರೂ ನುಂಗಿಸಿದೆ.

ಈ ಚೀಟಿಯನ್ನು ಈಗಲೇ ಡಾಕ್ಟರರಿಗೆ ತೋರಿಸು. ನನ್ನನ್ನು ಬೈಯುವುದು ಅವಳು ಎದ್ದು ಕೂತ ಮೇಲಾಗಲಿ.

ಎರಡಲ್ಲ ಯವ್ವಾ. ದಿನಕ್ಕೆ ಹನ್ನೆರಡು, ಮೂರು ದಿನ. ಒಟ್ಟು ಮೂವತ್ತಾರು.

ನಿನ್ನ ಮಾಮಾ
ಯಲ್ಲಾಲಿಂಗ