ಅಮ್ಮನ ತೊಟ್ಟಿಯ ಹಬೆ ಎಲ್ಲಿ ಹೋಯಿತು?

ಹಳೆಯ ಸಾಕ್ಷ್ಯಚಿತ್ರಗಳ ಪುನರುಜ್ಜೀವನ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ನಮ್ಮಮ್ಮನ ಮುಖ ಬದಲಾಯಿಸಿದ್ದೀರಿ. ಹಳೆಯ ಮುಖ ವಾಪಸ್ ಕೊಡಿ ಎಂದು ಕೇಳಲು ಚಿಕ್ಕಬಳ್ಳಾಪುರದ ನಿಮ್ಮ ಕಚೇರಿಗೆ ನಾಲ್ಕು ಸಲ ಅಲೆದೆ. ತಾವು ಮೀಟಿಂಗಿನಿಂದ ಹೊರಬರಲೇ ಇಲ್ಲ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

1978ರಲ್ಲಿ ಶಿಡ್ಲಘಟ್ಟದ ರೇಷ್ಮೆ ಕೆಲಸದ ಬಗ್ಗೆ ತೆಗೆದ ಕಪ್ಪು-ಬಿಳುಪು ಚಿತ್ರದಲ್ಲಿ ನಮ್ಮಮ್ಮ ಗಂಗುಲಮ್ಮ ಹನ್ನೊಂದು ಸೆಕೆಂಡ್ ಇದ್ದಾಳೆ. ಕುದಿನೀರಿನ ತೊಟ್ಟಿಗೆ ಕೈ ಹಾಕಿ ಗೂಡಿನ ಎಳೆ ಹುಡುಕುತ್ತಾಳೆ, ಒಮ್ಮೆ ತಲೆಯೆತ್ತಿ ನೋಡುತ್ತಾಳೆ. ಅವಳು ತೀರಿಕೊಂಡಾಗ ನನಗೆ ಏಳು ವರ್ಷ. ಮನೆಯಲ್ಲಿ ಅವಳ ಒಂದು ಫೋಟೊ ಕೂಡ ಇಲ್ಲ. ಎರಡು ವರ್ಷದ ಹಿಂದೆ, ಚಿತ್ರದ ಹೆಸರುಪಟ್ಟಿಯಲ್ಲಿ ಅವಳ ಹೆಸರು ಕಂಡು, ನಿಮ್ಮದೇ ಕಚೇರಿಯ ಕಂಪ್ಯೂಟರಿನಲ್ಲಿ ಆ ಮುಖವನ್ನು ಒಂದೇ ಒಂದು ಸಲ ನೋಡಿದ್ದೆ; ಮನಸ್ಸಿನಲ್ಲಿ ನಿಲ್ಲುವ ಮೊದಲೇ ಮುಗಿದುಹೋಯಿತು.

ಕಳೆದ ತಿಂಗಳು ನೀವು ಅದನ್ನು ಎಐ ಕೈಗೆ ಕೊಟ್ಟು, ಬಣ್ಣ ಬಳಿಸಿ, 'ಹೊಸ ಜೀವ ತುಂಬಿದ್ದೇವೆ' ಎಂದು ದೊಡ್ಡ ಪರದೆಯ ಮೇಲೆ ತೋರಿಸಿದಿರಿ. ಎಂಥ ಜೀವ ಸ್ವಾಮಿ! ತೊಟ್ಟಿಯಿಂದ ಏಳುವ ಹಬೆಯನ್ನು ನಿಮ್ಮ ಯಂತ್ರ ಫಿಲ್ಮಿನ ಕೊಳೆ ಎಂದುಕೊಂಡು ಒರೆಸಿಹಾಕಿದೆ. ಹಬೆ ಹೋಗಿ ನೀರು ತಣ್ಣಗಾಯಿತು. ಬೆಂದು ಸಿಪ್ಪೆ ಎದ್ದಿದ್ದ ಬೆರಳುಗಳು ನುಣ್ಣಗಾದವು. ಎಳೆ ಸಿಕ್ಕಿಕೊಳ್ಳುತ್ತದೆಂದು ಅಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ ಚಿಂದಿ ಬಟ್ಟೆ ಸುತ್ತಿಕೊಂಡಿದ್ದಳು; ಆ ಚಿಂದಿ ಕಿತ್ತು ಮುಂಗೈ ತುಂಬ ಹಸಿರು ಬಳೆ ತೊಡಿಸಿದ್ದೀರಿ. ಮದುವೆಮನೆಯಲ್ಲಿ ಕೈ ತೊಳೆಯುವವಳ ಹಾಗೆ ಕೂತಿದ್ದಾಳೆ. ಕೆಲಸ ಅಷ್ಟು ಸುಖದ್ದಾಗಿದ್ದರೆ, ಬೆರಳಿಗೆ ಸಾರಿನ ಖಾರ ತಾಗದಿರಲೆಂದು ಅವಳು ಮುದ್ದೆಯನ್ನೂ ಚಮಚದಲ್ಲಿ ಯಾಕೆ ತಿನ್ನುತ್ತಿದ್ದಳು? ನನಗೆ ಆ ಚಮಚ ನೆನಪಿದೆ. ಮುಖ ನೆನಪಿಲ್ಲ.

ಪ್ರದರ್ಶನಕ್ಕೆ ಅಕ್ಕಯ್ಯಮ್ಮನವರನ್ನು ಕರೆತಂದಿದ್ದೆ. ಅಮ್ಮನ ಪಕ್ಕದ ತೊಟ್ಟಿಯಲ್ಲಿ ಒಂಬತ್ತು ವರ್ಷ ದುಡಿದವರು. ಪರದೆ ನೋಡುತ್ತಲೇ ನನ್ನ ತೋಳು ಹಿಡಿದರು: "ಯಾರಪ್ಪ ಈಯಮ್ಮ? ನಮ್ ಗಂಗುಲಮ್ಮನ ಜಾಗದಲ್ಲಿ ಯಾಕ್ ಕೂತವ್ಳೆ?"

ನಿಮ್ಮ ಸಿಬ್ಬಂದಿಯೊಬ್ಬರನ್ನು ವಿಚಾರಿಸಿದೆ. "ಕ್ಲಾರಿಟಿ ಸೂಪರಾಗ್ ಬಂದೈತಲ್ಲ ಸಾರ್, ಇನ್ನೇನ್ ಬೇಕು ನಿಮ್ಗೆ? ಹಳೇದು ಡಿಲೀಟ್ ಮಾಡ್ಬಿಡ್ತೀವಿ, ಸುಮ್ನೆ ಜಾಗ ತಿಂತೈತೆ" ಎಂದರು. ಹನ್ನೊಂದು ಸೆಕೆಂಡಿಗೆ ನಿಮ್ಮಲ್ಲಿ ಜಾಗವಿಲ್ಲವೇ? ನಾಳೆ ತಮ್ಮ ಫೋಟೊಗೆ ಬೇರೆಯವರ ಮೂಗು ಕೂರಿಸಿ 'ಚೆನ್ನಾಗಿ ಬಂದಿದೆ' ಎಂದರೆ ಕಚೇರಿಯ ಗೋಡೆಗೆ ತೂಗುಹಾಕುತ್ತೀರಾ? ಅಂದು ನನಗೆ ಅಳು ಬಂತು. ಈಗ ಬರೀ ಸಿಟ್ಟು ಉಳಿದಿದೆ.

ಗೀರು ತೆಗೆಯಿರಿ, ಅಲುಗಾಟ ಸರಿಮಾಡಿ, ತಕರಾರಿಲ್ಲ. ಮೂಲ ಪ್ರತಿಯನ್ನು ಮಾತ್ರ ಮುಟ್ಟಬೇಡಿ. ಅಳಿಸಿಬಿಟ್ಟಿದ್ದರೆ, ಯಾರು ಅಳಿಸಿದರೆಂದು ಸಹಿ ಹಾಕಿ ತಿಳಿಸಿ. ಉಳಿದಿದ್ದರೆ ಒಂದು ಪ್ರತಿ ಈ ವಾರವೇ ಕೊಡಿ. ಅಕ್ಕಯ್ಯಮ್ಮನವರಿಗೆ ಎಂಬತ್ತಾರು ವರ್ಷ. "ಇವಳೇ ನಿಮ್ಮಮ್ಮ" ಎಂದು ನನಗೆ ಬೆರಳಿಟ್ಟು ತೋರಿಸಬಲ್ಲವರು ಅವರೊಬ್ಬರೇ. ಮಸುಕಾಗಿದ್ದರೂ ಇರಲಿ, ಹಬೆಯೊಳಗೆ ಹುಡುಕಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಪರದೆಯ ಮೇಲಿನ ಹೆಂಗಸಿಗೆ ಏನೂ ಆಗಬೇಕಿಲ್ಲದ
ಗಂಗುಲಮ್ಮನ ಮಗ ಅಂಬರೀಶ್,
ಶಿಡ್ಲಘಟ್ಟ