ತಿರುಗಿ ಹೋದವರ ಸಾಲು

ಬಿಳಿಗಲ್ಲೂರು, ತಂಪುಮನೆಯ ಮೆಟ್ಟಿಲ ಮೇಲಿಂದ
ಇಸವಿ ೨೨೪೧, ಹದಿಮೂರನೆಯ ತಿಂಗಳು, ಅಮಾವಾಸ್ಯೆಯ ಮರುದಿನ

ಅಷ್ಟಾದರೂ ಶರಣವ್ವ ವೈನಿ ಒಪ್ಪಲಿಲ್ಲ ನೋಡಿ. ನನ್ನ ಮೊಮ್ಮಗಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದೆ, ತಣ್ಣನೆಯ ಗಾಳಿ ನಿಂತುಹೋಗಿದೆ, ಧಾರವಾಡದಿಂದ ಪಟ್ಟಣಶೆಟ್ಟಿ ಬಾಯಿಯವರು ಕರೆದು ಕರೆದು ಕೇಳುತ್ತಿದ್ದಾರೆ. ವೈನಿ ಮಾತ್ರ ಕೈ ಕಟ್ಟಿಕೊಂಡು ಕೂತರು. ‘ಬಾಗಲಿಗೆ ಬಂದು ತಿರುಗಿ ಹೋದವರ ಹೆಸರು ಮಂದಿಗೆ ಹೇಳೂದು ನಮ್ಮ ಪದ್ಧತಿ ಅಲ್ಲ’ ಅಂದರು.

ತಪ್ಪಾಯಿತು, ನಡುವಿನಿಂದ ಶುರು ಮಾಡಿದೆ. ನಿಮಗೂ ನನಗೂ ಇನ್ನೂರು ವರ್ಷಕ್ಕೂ ಮೀರಿದ ಅಂತರವಿದೆ ಅನ್ನುವುದು ಮರೆತೇಹೋಯಿತು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಗುರುಪಾದ, ಊರವರ ಬಾಯಲ್ಲಿ ಗುರಪ್ಪ, ನಾಲ್ಕನೆಯ ಇಯತ್ತೆ ಕಲಿತವನು. ಐದನೆಯದಕ್ಕೆ ನಾನು ತಯಾರಿದ್ದೆ, ಮಾಸ್ತರರು ತಯಾರಿರಲಿಲ್ಲ. ಹದಿಮೂರನೆಯ ತಿಂಗಳು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬರುತ್ತಿತ್ತಂತೆ. ನಮಗೆ ಪ್ರತಿ ವರ್ಷವೂ ಬರುತ್ತದೆ. ಬೇಸಿಗೆ ಅಷ್ಟು ಉದ್ದವಾಗಿ ಹೋಯಿತೆಂದು ಹಿರಿಯರು ಅದಕ್ಕೊಂದು ತಿಂಗಳನ್ನೇ ಬರೆದುಕೊಟ್ಟರು. ಆ ತಿಂಗಳಲ್ಲಿ ಹುಟ್ಟಿದವರು ತಮ್ಮ ವಯಸ್ಸನ್ನು ಯಾವತ್ತೂ ಪೂರ್ತಿ ಒಪ್ಪಿಕೊಳ್ಳುವುದಿಲ್ಲ.

ನಮ್ಮ ಊರು ವಿಜಯಪುರದ ಕಡೆಯದು. ಹಿಂದೆ ಇಲ್ಲಿ ಕಲ್ಲು ತೆಗೆಯುವ ದೊಡ್ಡ ಗಣಿ ಇತ್ತು. ಈಗ ಆ ಗುಂಡಿಯ ಮೇಲೆ ಮಾಳಿಗೆ ಹಾಕಿ ತಂಪುಮನೆ ಮಾಡಿಕೊಂಡಿದ್ದೇವೆ. ಬೆಳಕು ಹರಿಯುವ ಮುಂಚೆ ಹೊಲ, ಮಗ್ಗ, ಅಂಗಡಿ ಎಲ್ಲ ಮುಗಿಸುತ್ತೇವೆ. ಹೊತ್ತು ಏರಿತೆಂದರೆ ಊರಿಗೆ ಊರೇ ರೊಟ್ಟಿಯ ಗಂಟು, ಮಜ್ಜಿಗೆಯ ಗಡಿಗೆ ಹಿಡಿದು ಕೆಳಗೆ ಇಳಿಯುತ್ತದೆ. ಸಂಜೆಯವರೆಗೆ ಮೇಲೆ ನಾಯಿಯೂ ಇರುವುದಿಲ್ಲ, ಅದೂ ಕೆಳಗೇ ಇರುತ್ತದೆ. ಅಲ್ಲಿ ಚಾಪೆ ಹಾಸುವುದು ನನ್ನ ಕೆಲಸ. ಸುಲಭ ಅಂದುಕೊಳ್ಳಬೇಡಿ. ಗೋಡೆಯ ಪಕ್ಕ ಯಾರು, ಗಾಳಿಯ ಕಿಂಡಿಯ ಕೆಳಗೆ ಯಾರು, ಮಾತು ಬಿಟ್ಟ ಬೀಗರಿಬ್ಬರ ನಡುವೆ ಎಷ್ಟು ಚಾಪೆ, ಗೊರಕೆಯವರು ಯಾವ ಮೂಲೆ, ಎಲ್ಲವೂ ನನ್ನ ತಲೆಯಲ್ಲಿರಬೇಕು. ಕಿಂಡಿಯ ಕೆಳಗಿನ ಜಾಗ ಬಾಣಂತಿಯರದು. ಈ ವರ್ಷ ಅಲ್ಲಿ ನನ್ನ ಮಗಳು ಕಾಶೀಬಾಯಿ ಮಲಗಿದ್ದಳು, ಮಗ್ಗುಲಲ್ಲಿ ಇನ್ನೂ ಹೆಸರಿಡದ ಕೂಸು.

ತಂಪು ಮಾಡುವ ಯಂತ್ರಗಳನ್ನು ನಡೆಸುವುದು ತಂತಿಯ ಮೇಲೆ ಬರುವ ಅಪ್ಪಣೆ. ತಂತಿ ಇದ್ದಲ್ಲಿ ಕಳ್ಳರೂ ಇರುತ್ತಾರೆ. ಅದಕ್ಕೇ ತಂತಿಯ ಬಾಯಲ್ಲಿ ಒಂದು ಕಾವಲುಗೋಡೆ ಇದೆ. ನೀವು ಫೈರ್‌ವಾಲ್ ಅನ್ನುತ್ತಿದ್ದದ್ದು ಇದನ್ನೇ. ಯಾರೇ ಬಂದು ಬಡಿಯಲಿ, ಗೋಡೆ ಒಂದು ಸಾಲು ಬರೆದಿಡುತ್ತದೆ: ಯಾರು, ಎಲ್ಲಿಂದ, ಯಾವ ಬಾಗಿಲಿಗೆ ಬಂದರು, ಒಳಗೆ ಬಿಟ್ಟೆನೋ ತಿರುಗಿ ಕಳಿಸಿದೆನೋ. ಆ ಸಾಲುಗಳೆಲ್ಲ ತೂಬಿನಿಂದ ನೀರು ಹರಿದ ಹಾಗೆ ಧಾರವಾಡದ ಮುಗಿಲಮನೆಗೆ ಹರಿಯಬೇಕು. ಮುಗಿಲಮನೆ ಅಂದರೆ ನಿಮ್ಮ ಕ್ಲೌಡ್. ಎಲ್ಲ ಊರುಗಳ ಸಾಲುಗಳನ್ನೂ ಒಂದು ಕಡೆ ಹಾಕಿಕೊಂಡು ಕಣ್ಣಿಟ್ಟು ನೋಡುವ ಜಾಗ. ಒಂದೊಂದು ಊರಿಗೆ ಒಂದೊಂದು ಸಲ ಬಡಿದು ಹೋಗುವ ಕಳ್ಳ ಯಾವ ಊರಿಗೂ ಕಳ್ಳನಂತೆ ಕಾಣುವುದಿಲ್ಲ, ಎಲ್ಲವನ್ನೂ ಕೂಡಿಸಿ ನೋಡಿದವರಿಗೆ ಮಾತ್ರ ಕಾಣುತ್ತಾನೆ.

ನಮ್ಮ ಊರಿನ ತೂಬು ಶರಣವ್ವ ವೈನಿಯ ಕೈಯಲ್ಲಿದೆ. ನನ್ನ ಅಣ್ಣನ ಹೆಂಡತಿ, ಮನೆಗೂ ಅವರೇ ದೊಡ್ಡವರು, ಊರಿಗೂ ಅರ್ಧ ಅವರೇ ದೊಡ್ಡವರು. ಅವರು ಆ ತೂಬಿಗೆ ಒಂದು ಜರಡಿ ಕೂಡಿಸಿದ್ದರು. ಒಳಗೆ ಬಂದವರ ಸಾಲು ಹರಿದುಹೋಗುತ್ತಿತ್ತು, ತಿರುಗಿ ಹೋದವರ ಸಾಲು ಜರಡಿಯಲ್ಲೇ ನಿಲ್ಲುತ್ತಿತ್ತು. ನಿಮ್ಮ ಕಾಲದಲ್ಲೂ ಹೀಗೆ ಮಾಡುತ್ತಿದ್ದರಂತೆ, ಸಾಲು ಬಹಳವಾಗುತ್ತವೆ, ಖರ್ಚು ಏರುತ್ತದೆ ಅಂತ. ನಾವು ಮಾಡಿದ್ದು ಮರ್ಯಾದೆಗೆ. ತಂಪುಮನೆ ಸಣ್ಣದಿದ್ದ ಕಾಲದಲ್ಲಿ ಬಿಸಿಲಿಗೆ ಊರು ಬಿಟ್ಟವರು ಬಂದು ಬಾಗಿಲು ಬಡಿಯುತ್ತಿದ್ದರು. ಒಳಗೆ ಜಾಗ ಇರುತ್ತಿರಲಿಲ್ಲ. ತಿರುಗಿ ಕಳಿಸಬೇಕಾಗಿ ಬಂದರೆ, ಬಾಗಿಲಲ್ಲಿ ನಿಂತವನು ಆ ಹೆಸರನ್ನು ಯಾರಿಗೂ ಹೇಳುವಂತಿರಲಿಲ್ಲ. ಯಾರು ಬಂದಿದ್ದರು ಅಂತ ಕೇಳಿದರೆ ‘ಗಾಳಿ ಬಂದು ಹೋಯ್ತು’ ಅನ್ನಬೇಕು. ಇವತ್ತಿಗೂ ನಮ್ಮಲ್ಲಿ ಹಾಗೇ ಅನ್ನುತ್ತಾರೆ. ಮನುಷ್ಯರಿಗೆ ಮಾಡಿದ ಆ ಪದ್ಧತಿಯನ್ನು ವೈನಿ ತಂತಿಗೂ ಹಾಕಿದರು. ಯಾರಿಗೂ ತಪ್ಪು ಅನ್ನಿಸಲಿಲ್ಲ.

ಹೋದ ವಾರ ಒಂದು ಮಧ್ಯಾಹ್ನ ಗಾಳಿ ನಿಂತಿತು. ತಂಪಿನ ಯಂತ್ರ ನೋಡುವ ದಸ್ತಗೀರ ಮಿಸ್ತ್ರಿಯನ್ನು ಗೊರಕೆಯ ಮೂಲೆಯಿಂದ ಎಬ್ಬಿಸಿದೆವು. ಅವನು ಚಾಲೂ ಮಾಡಿ ಬಂದು ಮಲಗಿದ, ಮತ್ತೆ ನಿಂತಿತು. ಮತ್ತೆ ಹೋದ, ಮತ್ತೆ ನಿಂತಿತು. ಕೊನೆಗೆ ಯಂತ್ರದ ಹೊಟ್ಟೆ ಬಿಚ್ಚಿ, ಎಣ್ಣೆಯ ಕೈ ಎತ್ತಿಕೊಂಡು ಬಂದ.

‘ಯಂತ್ರಕ್ಕ ಏನೂ ಆಗಿಲ್ಲ ಗುರಪ್ಪಣ್ಣ. ಯಾರೋ ಬೇಕಂತ ಬಂದ್ ಮಾಡಾಕತ್ಯಾರ.’

‘ನಿನ್ನ ಗೊರಕಿ ಕೇಳಲಾರದ ಅದs ಬಂದ್ ಆಗಿರಬೇಕು ತಗೋ’ ಅಂದೆ. ನಾಲ್ಕು ಜನ ನಕ್ಕರು. ಕಾಶೀಬಾಯಿ ನಗಲಿಲ್ಲ. ಅವಳು ಸೆರಗಿನಿಂದ ಕೂಸಿಗೆ ಗಾಳಿ ಹಾಕುತ್ತಿದ್ದಳು. ಮೇಲೆ ಒಯ್ಯುವ ಹಾಗಿರಲಿಲ್ಲ. ಆ ಹೊತ್ತಿಗೆ ಹೊರಗಿನ ಕಲ್ಲು ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಒಳಗಿನ ಧಗೆ ನಿಧಾನವಾಗಿ ಏರುತ್ತಿತ್ತು. ದೊಡ್ಡವರು ತಡೆದುಕೊಳ್ಳುತ್ತಾರೆ, ಅಂಗೈಯಗಲದ ಕೂಸು ಎಷ್ಟು ಹೊತ್ತು ತಡೆದೀತು?

ಆಗಲೇ ಮುಗಿಲಮನೆಯಿಂದ ಪಟ್ಟಣಶೆಟ್ಟಿ ಬಾಯಿಯವರ ಕರೆ ಬಂತು. ನಮ್ಮ ಭಾಗದ ಸಾಲುಗಳನ್ನು ನೋಡುವವರು ಅವರೇ. ವೈನಿ ಕೂಸಿನ ಕಡೆ ನೋಡುತ್ತಿದ್ದರು, ನಾನೇ ಮಾತಾಡಿದೆ.

‘ಬಿಳಿಗಲ್ಲೂರೇನ್ರಿ? ನಿಮ್ಮ ಊರಿಂದ ತಿರುಗಿ ಹೋದ ಸಾಲು ಒಂದೂ ಬರೂದಿಲ್ಲಲ್ರಿ. ಯಾರೂ ಬಾಗಲಾ ಬಡಿಯೂದೇ ಇಲ್ಲೇನು?’

‘ನಮ್ಮಲ್ಲಿ ಕದಿಯಾಕ ಏನೈತ್ರಿ ಬಾಯಾರ? ಚಾಪಿ, ಮಜ್ಜಿಗಿ ಗಡಿಗಿ, ನಾನು. ನನ್ನ ಒಯ್ದವರು ಮರುದಿನ ತಾವs ತಂದು ಬಿಟ್ಟು ಹೋಗ್ತಾರ.’

‘ನಗಬ್ಯಾಡ್ರಿ. ಸುತ್ತಲಿನ ಊರಾಗ ತಂಪು ನಿಲ್ಲಲಿಕ್ಕೆ ಹತ್ತೇದ. ಎಲ್ಲಾ ಕಡೆ ಬಾಗಲಾ ಬಡಿಯೋ ಸಪ್ಪಳ ಅದ, ನಿಮ್ಮಲ್ಲಿ ಮಾತ್ರ ಇಷ್ಟು ಶಾಂತಿ. ಇಂಥಾ ಶಾಂತಿ ಸ್ಮಶಾನದಾಗ ಇರ್ತದ. ಒಳಗ ಬಂದವರ ಸಾಲಿನಾಗ ತಪ್ಪೇನೂ ಕಾಣೂದಿಲ್ಲ. ನಿಮ್ಮ ಮಿಸ್ತ್ರಿ ಬಂದು ಹೋಗ್ಯಾರ, ಅಷ್ಟೇ. ಉಳಿದ ಸಾಲು ಎಲ್ಲಿ ಅವ?’

ನಾನು ವೈನಿಯ ಮುಖ ನೋಡಿದೆ. ಆಮೇಲೆ ಆದದ್ದೇ ನಾನು ಮೊದಲು ಬರೆದದ್ದು. ನಾನು ತಿಳಿಸಿ ಹೇಳಿದೆ, ನಗಿಸಿದೆ, ಕೈ ಮುಗಿದೆ.

‘ನಿನಗ ಗೊತ್ತಿಲ್ಲ ಗುರಪ್ಪಾ’ ಅಂದರು ವೈನಿ. ‘ನಮ್ಮವ್ವ ಸಣ್ಣಾಕಿ ಇದ್ದಾಗ ಒಂದು ಊರಿನ ಬಾಗಲದಾಗ ನಿಂತಿದ್ಲು. ಒಲ್ಲೆ ಅಂದ್ರು, ಇರ್ಲಿ. ಆದ್ರ ಅದನ್ನ ಮುಂದಿನ ಊರಿಗೂ ಹೇಳಿ ಕಳಿಸಿದ್ರು. ಅವರೂ ಬಾಗಲಾ ಹಾಕಿದ್ರು. ಅದರ ಮುಂದಿನವರೂ ಹಾಕಿದ್ರು. ಹೆಸರು ಆಕಿಗಿಂತ ಮುಂದ ಓಡಿತ್ತು. ಅಂಥಾದ್ದು ನನ್ನ ಕೈಯಿಂದ ಆಗಬಾರದು.’

ಬಾಯಿಯವರು ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು: ‘ಅಕ್ಕಾರ, ನಾವು ಸಾರೂದಿಲ್ಲ. ನೋಡ್ತೀವಿ ಅಷ್ಟೇ. ನೆರಳು ಕೇಳಿ ಬಂದವರು ಯಾರು, ಕನ್ನ ಹಾಕಲಿಕ್ಕೆ ಬಂದವರು ಯಾರು ಅಂತ ಹೆಸರು ನೋಡದs ಹೆಂಗ ಹೇಳ್ಲಿ?’

ವೈನಿ ಎದ್ದು ಕಿಂಡಿಯ ಕೆಳಗೆ ಹೋದರು. ಕೂಸನ್ನು ಎತ್ತಿ ಎದೆಗೆ ಆನಿಸಿಕೊಂಡರು. ಅದು ಅಳುತ್ತಿರಲಿಲ್ಲ. ಅಳುತ್ತಿದ್ದರೆ ನಮಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹಾಗೇ ಹೆಗಲ ಮೇಲೆ ಹಾಕಿಕೊಂಡು ತೂಬಿನ ಮುಂದೆ ಬಂದು, ಒಂದು ಕೈಯಿಂದ ಜರಡಿ ತೆಗೆದರು.

ಸಾಲುಗಳು ಹರಿದವು. ಬಾಯಿಯವರು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ‘ದಸ್ತಗೀರ ಮಿಸ್ತ್ರಿ ಎಲ್ಲಿದ್ದಾರ?’ ಅಂತ ಕೇಳಿದರು. ಇಲ್ಲೇ ಇದ್ದಾನೆ, ನನ್ನ ಹೊಸ ಚಾಪೆಗೆ ಎಣ್ಣೆ ಒರೆಸುತ್ತಿದ್ದಾನೆ ಅಂದೆ. ಹಾಗಾದರೆ ಮಿಸ್ತ್ರಿಯ ಹೆಸರಿನಲ್ಲಿ ಬಂದವನು ಬೇರೆ. ಆ ಹೆಸರು ಹೇಳಿಕೊಂಡು ಯಾರೋ ದೂರದಿಂದ ವಾರಗಟ್ಟಲೆ ತಪ್ಪು ಕೀಲಿ ಹಾಕಿ ಹಾಕಿ ತಿರುಗಿ ಹೋಗಿದ್ದ, ಒಂದು ದಿನ ಸರಿ ಕೀಲಿ ಸಿಕ್ಕಿತ್ತು. ಅಲ್ಲಿಂದ ಮುಂದೆ ಅದೇ ಕೀಲಿಯಿಂದ ನಮ್ಮಲ್ಲಿಗೂ ಪಕ್ಕದ ಊರುಗಳಿಗೂ ಅವನು ಮಿಸ್ತ್ರಿಯಾಗಿಯೇ ಬಂದು ಹೋಗುತ್ತಿದ್ದ. ನಮ್ಮ ಮಿಸ್ತ್ರಿ ಸುತ್ತಲಿನ ಊರುಗಳ ಯಂತ್ರವನ್ನೂ ನೋಡುವವನು, ಅವನ ಹೆಸರು ಎಲ್ಲಿಂದ ಬಂದರೂ ಯಾರೂ ಹುಬ್ಬು ಹಾರಿಸುತ್ತಿರಲಿಲ್ಲ. ಬಾಯಿಯವರು ಆ ಕೀಲಿ ರದ್ದು ಮಾಡಿಸಿದರು. ಮಿಸ್ತ್ರಿ ಯಂತ್ರ ಚಾಲೂ ಮಾಡಿದ. ಈ ಸಲ ನಿಲ್ಲಲಿಲ್ಲ. ಕೂಸು ಒಂದು ಸಲ ಸೀನಿ, ಊರಿಗೆಲ್ಲ ಕೇಳುವಂತೆ ಅತ್ತಿತು. ಯಾರೂ ಸುಮ್ಮನಿರಿಸಲು ಹೋಗಲಿಲ್ಲ.

ಆದರೆ ಬಾಯಿಯವರು ಕರೆ ಮುಗಿಸಲಿಲ್ಲ. ‘ಇನ್ನೊಂದು ಅದ ಅಕ್ಕಾರ. ಕುರಿಹಾಳದ ತಂಪುಮನಿ ಮುಂಜಾನಿಂದ ನಿಮ್ಮ ಬಾಗಲಾ ಬಡೀಲಿಕ್ಕೆ ಹತ್ತೇದ. ಅವರ ಕೀಲಿ ಹಳೇದು, ನಿಮ್ಮ ಗೋಡಿ ತಿರುಗಿ ಕಳಿಸೇದ.’

ಕುರಿಹಾಳ ನಮ್ಮ ಪಕ್ಕದ ಸಣ್ಣ ಹಳ್ಳಿ. ನಮ್ಮಿಬ್ಬರ ನಡುವೆ ನೆಲದ ಕೆಳಗೆ ಒಂದು ತಂಪಿನ ಕೊಳವೆ ಇದೆ, ಒಬ್ಬರಿಗೆ ಕಡಿಮೆ ಬಿದ್ದರೆ ಇನ್ನೊಬ್ಬರು ಬಿಡಬೇಕು ಅಂತ. ಅದೇ ಕಳ್ಳ ಅವರ ತಂಪು ನಿಲ್ಲಿಸಿದ್ದ. ಅವರ ಯಂತ್ರ ಬೆಳಗ್ಗೆಯಿಂದ ನಮ್ಮನ್ನು ಕೇಳುತ್ತಲೇ ಇತ್ತು. ನಾವು ಗಾಳಿ ಬಂದು ಹೋಯಿತು ಅಂದುಕೊಂಡು ಮಲಗಿದ್ದೆವು.

ವೈನಿ ಕುರಿಹಾಳಕ್ಕೆ ಹೊಸ ಕೀಲಿ ಕಳಿಸಿದರು. ಮಿಸ್ತ್ರಿ ಓಡಿ ಕೊಳವೆ ಬಿಟ್ಟ. ಆ ಸಂಜೆ ಹೊತ್ತು ಇಳಿದ ಮೇಲೆ ವೈನಿ ನಡೆದೇ ಕುರಿಹಾಳಕ್ಕೆ ಹೋದರು. ಅಲ್ಲಿ ಮಂದಿ ಬಾವಿಯ ಮೆಟ್ಟಿಲಲ್ಲಿ ಒದ್ದೆ ಕಂಬಳಿ ಹೊದ್ದು ದಿನ ಕಳೆದಿದ್ದರು. ಎಲ್ಲರೂ ಬದುಕಿದ್ದರು. ವೈನಿ ಅವರಿಗೆ ಏನು ಹೇಳಿದರೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಹಾಗಾಗಿ, ಹಿಂದಿನವರೇ, ನನ್ನದೊಂದು ಬೇಡಿಕೆ. ನಿಮ್ಮ ಆಫೀಸಿನಲ್ಲೂ ಯಾರೋ ಒಬ್ಬರು ಇವತ್ತು ಗೋಡೆಯ ಸಾಲುಗಳನ್ನು ಮುಗಿಲಿಗೆ ಹರಿಸಲು ತೂಬು ಕೂಡಿಸುತ್ತಿರಬಹುದು. ಯಾವುದನ್ನು ಕಳಿಸಲಿ, ಯಾವುದನ್ನು ಬಿಡಲಿ ಅಂತ ಯೋಚಿಸುತ್ತಿರಬಹುದು. ತಿರುಗಿ ಹೋದವರನ್ನು ಬಿಡಬೇಡಿ. ಆ ಸಾಲುಗಳಲ್ಲೇ ಕಳ್ಳ ಅಭ್ಯಾಸ ಮಾಡುತ್ತಿರುತ್ತಾನೆ. ಮುಗಿಲಲ್ಲಿ ಕೂತು ನೋಡುವವರಿಗೂ ಒಂದು ಮಾತು. ತಿರುಗಿ ಹೋದವರೆಲ್ಲ ಕಳ್ಳರಲ್ಲ. ಹೆಸರು ನೋಡಿದ ಕೂಡಲೇ ಬಾಗಿಲು ಹಾಕಿ ಅಂತ ಊರೂರಿಗೆ ಕೂಗಬೇಡಿ. ಯಾಕೆ ಬಡಿದರು ಅಂತ ಒಂದು ಸಲ ಕೇಳಿ. ಶರಣವ್ವ ವೈನಿ ಈಗ ಎಲ್ಲ ಸಾಲನ್ನೂ ಕಳಿಸುತ್ತಾರೆ, ಕಳಿಸುವ ಮುಂಚೆ ತಿರುಗಿ ಹೋದವರದನ್ನು ತಾವೇ ಒಂದೊಂದಾಗಿ ಓದುತ್ತಾರೆ. ಅದಕ್ಕೇ ಅವರ ಅಡಿಗೆ ತಡವಾಗುತ್ತದೆ, ಅದಕ್ಕೇ ನಾನು ಬಡವಾಗಿದ್ದೇನೆ.

ಇವತ್ತು ನಮ್ಮ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಕುರಿಹಾಳಕ್ಕೆ ಮನೆಮನೆಗೂ ಹೇಳಿ ಬಂದಿದ್ದೇವೆ. ನಿಮಗೆ ಇನ್ನೂ ಒಂದು ಮಾತು ಬರೆಯಬೇಕಿತ್ತು, ಆ ಕೊಳವೆಯ ಬಗ್ಗೆ, ಅದು ಮೊದಲು ಯಾರ

‘ಗುರಪ್ಪಾ! ಎಲಿ ಹಾಕೇವಿ, ಬಾರೋ! ಕುರಿಹಾಳದವರು ನೀ ಬರೂ ತನಕಾ ತುತ್ತು ಎತ್ತಂಗಿಲ್ಲ ಅಂತ ಕುಂತಾರ. ಹೋಳಿಗಿ ಆರಾಕತ್ತೈತಿ!’

ವೈನಿ ಕರೆಯುತ್ತಿದ್ದಾರೆ. ಅವತ್ತು ಬಾಗಿಲಲ್ಲಿ ನಿಂತವರನ್ನು ಇವತ್ತೂ ಕಾಯಿಸಬಾರದು.